ಲವಂಗ ಮೆತ್ತಗಾಗುವ ತನಕ

ಸುಶೀಲಾಬಾಯಿಯನ್ನು ಯಾರೂ ಸಲಹೆ ಕೇಳಬೇಕಾಗಿರಲಿಲ್ಲ. ಬೇಸಿಗೆಯಲ್ಲಿ ಬೆವರು ಬಂದ ಹಾಗೆ ಅದು ತಾನಾಗಿಯೇ ಬರುತ್ತಿತ್ತು. ಡೊಂಬಿವಲಿಯಿಂದ ಠಾಣೆಗೆ ಹೋಗುವ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಎದುರಿಗೆ ಕೂತವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದರೆ ಸಾಕು, "ಎಳೀ ದಂಟು ಯಾಕ ಒಗೀತೀರಿ, ಸತ್ವ ಎಲ್ಲಾ ಅದರಾಗೇ ಇರತದ" ಎಂದು ಶುರುವಾಗುತ್ತಿತ್ತು. ಕಳವಾ ಬರುವ ಹೊತ್ತಿಗೆ ಆ ಹೆಂಗಸಿನ ಸೊಂಟನೋವಿಗೆ ಔಷಧ, ಮಗನಿಗೆ ಓದಿನ ಲೈನು, ನಾದಿನಿಗೆ ವರ ಎಲ್ಲ ಗೊತ್ತು ಮಾಡಿ ಆಗಿರುತ್ತಿತ್ತು. ಠಾಣೆಯಲ್ಲಿ ಇಳಿಯುವಾಗ ಬಾಯಿಯವರ ಮುಖದಲ್ಲಿ ಒಂದು ದೊಡ್ಡ ಕೆಲಸ ಮುಗಿಸಿದ ತೃಪ್ತಿ ಕಾಣುತ್ತಿತ್ತು.

ಊರು ವಿಜಾಪುರ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ, ಅಪ್ಪಾಸಾಹೇಬರನ್ನು ಮದುವೆಯಾಗಿ ಡೊಂಬಿವಲಿಗೆ ಬಂದು, ಠಾಣೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅಪ್ಪಾಸಾಹೇಬರು ವಾಗ್ಳೆ ಎಸ್ಟೇಟಿನ ಒಂದು ಪಂಪಿನ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಮಿತಭಾಷಿ. ಆಗದೆ ಏನು ಮಾಡಿಯಾರು ಪಾಪ, ಮನೆಯಲ್ಲಿ ಮಾತಿಗೆ ಜಾಗ ಉಳಿಯಬೇಕಲ್ಲ! "ನಿನಗ ಪಗಾರ ಕೊಡೋದು ಪಾಠಕ್ಕ, ಉಪದೇಶ ಪುಕ್ಕಟೆ ಯಾಕ ಹಂಚತಿ?" ಎಂದು ಅವರು ಆಗಾಗ ಛೇಡಿಸುತ್ತಿದ್ದರು. ಮಕ್ಕಳಾಗಿರಲಿಲ್ಲ. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಎತ್ತದೆ ಬಿಟ್ಟಿದ್ದ ಇನ್ನೊಂದು ಮಾತಿತ್ತು. ವಿಜಾಪುರದಲ್ಲಿ ತಾಯಿ ಇರುವ ತನಕ ವರ್ಷ ವರ್ಷ ಶ್ರಾವಣದಲ್ಲಿ ಅಣ್ಣ ಗೋಳಗುಮ್ಮಟದ ಊರಿನಿಂದ ರೈಲು ಹತ್ತಿ ಬಂದು, ತಂಗಿಯನ್ನು ಪಂಚಮಿ ಹಬ್ಬಕ್ಕೆ ತವರಿಗೆ ಕರೆದೊಯ್ಯುತ್ತಿದ್ದ. ತಾಯಿ ತೀರಿಕೊಂಡರು, ಹಿಂದಿನಿಂದಲೇ ಅಣ್ಣನೂ ಹೋದ. ಆಮೇಲೆ ಯಾರೂ ಬರಲಿಲ್ಲ. ಪಂಚಮಿ ಹತ್ತಿರ ಬಂದಾಗ ಸುಶೀಲಾಬಾಯಿ "ಕಾಲೇಜಿಗೆ ರಜಾ ಎಲ್ಲದ, ಹೋಗ್ಲಿಕ್ಕ ಎಲ್ಲಿ ಆಗತದ" ಎಂದು ತಾವೇ ಜೋರಾಗಿ ಹೇಳಿಕೊಳ್ಳುತ್ತಿದ್ದರು. ಅಪ್ಪಾಸಾಹೇಬರು ಪೇಪರು ಓದುತ್ತ ಹೂಂ ಅನ್ನುತ್ತಿದ್ದರು.

ಇನ್ನು ಕಾಲೇಜು. ಅಲ್ಲಿಯ ಹುಡುಗ ಹುಡುಗಿಯರಿಗೆ ಬಾಯಿಯವರ ಉಪದೇಶದಿಂದ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ವಾರಗಟ್ಟಲೆ ಕ್ಲಾಸಿಗೆ ಬರದಿದ್ದರೆ ಭಾನುವಾರ ಮನೆಗೇ ಹೋಗುತ್ತಿದ್ದರು. ತಂದೆ ತಾಯಿಯನ್ನು ಕೂಡಿಸಿ, ತಾವೂ ಕೂತು, ಚಹಾ ಆರುವ ತನಕ ಮಾತಾಡುತ್ತಿದ್ದರು. ಒಳ್ಳೆಯ ಮನಸ್ಸೇ ಅದು, ಇಲ್ಲ ಅನ್ನಲಾಗದು. ಯಾವ ಮಾಸ್ತರು ತನ್ನ ಭಾನುವಾರ ಬಿಟ್ಟು ಕಲ್ಯಾಣದ ಗಲ್ಲಿ, ಮುಂಬ್ರಾದ ಗುಡ್ಡ ಸುತ್ತಿಯಾನು? ಆದರೆ ಹೋದ ಕಡೆಯಲ್ಲೆಲ್ಲ ಮಾತಾಡಿದ್ದು ಅವರೊಬ್ಬರೇ.

ದ್ರೌಪದಿ ಬಿ.ಎಸ್ಸಿ. ಮೊದಲ ವರ್ಷದ ಹುಡುಗಿ. ಅವಳಪ್ಪ ಸೈದಪ್ಪ ಕಲಬುರ್ಗಿ ಕಡೆಯವನು, ಠಾಣೆಯಲ್ಲಿ ರೈಲಿನ ಸರಕು ಇಳಿಸುವ ಮಾಲುಧಕ್ಕೆಯಲ್ಲಿ ಹಮಾಲ. ಕಳವಾದಲ್ಲಿ ರೈಲು ಕಾರ್‌ಶೆಡ್ಡಿನ ಹಿಂದಿನ ಚಾಳಿನ ಸಾಲುಮನೆಗಳಲ್ಲಿ ಒಂದು ಖೋಲಿ. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ತಿಳಿದರೂ ಬಾಯಲ್ಲಿ ಬರುತ್ತಿದ್ದದ್ದು ಮರಾಠಿ, ಇಲ್ಲವೇ ಹಿಂದಿ. ಕ್ಲಾಸಿನಲ್ಲಿ ಮಾತ್ರ ಯಾವ ಭಾಷೆಯೂ ಬರುತ್ತಿರಲಿಲ್ಲ, ಕೇಳಿದ್ದಕ್ಕೆ ನೆಲ ನೋಡುತ್ತ ನಿಲ್ಲುತ್ತಿದ್ದಳು. ಸಂಕ್ರಾಂತಿಯ ಹಿಂದುಮುಂದಿನಲ್ಲಿ ಒಂದು ದಿನ ಪ್ರಾಕ್ಟಿಕಲ್ ವೇಳೆ ಅವಳು ಹಾಗೇ ನಿಂತಾಗ, ಸುಶೀಲಾಬಾಯಿಗೆ ಕರುಳು ಚುರುಕ್ ಅಂದು, ಹೆಗಲ ಮೇಲೆ ಕೈಯಿಟ್ಟು ಕನ್ನಡದಲ್ಲೇ ಒಂದು ಸಮಾಧಾನದ ಮಾತು ಹೇಳಿದ್ದರು. ನಮ್ಮ ಕಡೆಯ ಹುಡುಗಿಯಲ್ಲವೇ ಎಂಬ ಅಂತಃಕರಣ. ಅದಾದ ಮೇಲೆ ದ್ರೌಪದಿ ಕಾಲೇಜಿಗೆ ಬರಲಿಲ್ಲ.

ಒಂದು ವಾರ ಕಳೆಯಿತು, ಇನ್ನೊಂದು ಕಳೆಯಿತು. ಹಾಜರಿ ಇಷ್ಟರಲ್ಲೇ ಕಡಿಮೆ ಬೀಳುವುದರಲ್ಲಿತ್ತು. ಕಡಿಮೆ ಬಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅಂಥ ಮನೆಯಲ್ಲಿ ಒಂದು ವರ್ಷ ಹೋದ ಹುಡುಗಿಯನ್ನು ಮತ್ತೆ ಯಾರು ಕಾಲೇಜಿಗೆ ಕಳಿಸುತ್ತಾರೆ? "ಲಗ್ನ ಠರಾವಾಗಿರಬೇಕು ಮ್ಯಾಡಮ್" ಎಂದು ಪಕ್ಕದ ಬೆಂಚಿನವಳು ಅಂದಾಜಿನ ಮೇಲೆ ಹೇಳಿದಳು. ಸುಶೀಲಾಬಾಯಿಗೆ ಅಷ್ಟು ಸಾಕಾಯಿತು. ಮಾಘಮಾಸ, ಲಗ್ನದ ಹಂಗಾಮು. ಅಪ್ಪ ಹಮಾಲ. ಹುಡುಗಿ ವಯಸ್ಸಿಗೆ ಬಂದಿದ್ದಾಳೆ. ಇನ್ನೇನು ಬೇಕು?

"ಈ ಭಾನುವಾರ ಕಳವಾಕ್ಕ ಹೋಗೋಣ್ರಿ," ಅಂದರು ಗಂಡನಿಗೆ. "ಅವರಪ್ಪಗ ನಾಲ್ಕ ಮಾತು ಬುದ್ಧಿ ಹೇಳಬೇಕು."

ಕಾರ್‌ಶೆಡ್ಡಿನ ಹಿಂದಿನ ಗಲ್ಲಿಗಳಲ್ಲಿ ಮನೆ ಹುಡುಕುವುದು ಹುಡುಗಾಟವಲ್ಲ. ಅಪ್ಪಾಸಾಹೇಬರ ಕೈಕೆಳಗೆ ಸಿದ್ರಾಮ ಎಂಬ ತರುಣನಿದ್ದ, ಕಳವಾದಲ್ಲೇ ಇರುತ್ತಿದ್ದ. ದಾರಿ ತೋರಿಸು ಅಂದದ್ದಕ್ಕೆ, ಸಾಹೇಬರ ಜೊತೆ ಹೋಗುವುದೆಂದು ಇಸ್ತ್ರಿಯ ಟೆರಿಲಿನ್ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದು ಸ್ಟೇಷನ್ನಿನಲ್ಲಿ ನಿಂತಿದ್ದ. ಸುಶೀಲಾಬಾಯಿಯೂ ಇಳಕಲ್ ಸೀರೆ ಉಟ್ಟಿದ್ದರು. ಯಾರ ಮನೆಗೂ ಬರಿಗೈಲಿ ಹೋಗಬಾರದೆಂದು ತಾಯಿ ಕಲಿಸಿದ್ದು. ಅದರ ಮೇಲೆ ಹೆಣ್ಣುಮಗು ಇರುವ ಮನೆ. ಚೀಲದಲ್ಲಿ ಒಂದು ತೆಂಗಿನಕಾಯಿ, ಗುಳೇದಗುಡ್ಡದ ಒಂದು ಕುಬಸದ ಖಣ, ಎಲೆ ಅಡಿಕೆ, ಒಂದು ಮೊಳ ಮಲ್ಲಿಗೆ.

ಅಯ್ಯೋ ಶಿವನೇ! ಮಾಘದ ಭಾನುವಾರ ಬೆಳಿಗ್ಗೆ, ವಯಸ್ಸಾದ ಗಂಡ ಹೆಂಡತಿ, ಜೊತೆಗೆ ಇಸ್ತ್ರಿ ಅಂಗಿಯ ಹುಡುಗ, ಚೀಲದ ಬಾಯಲ್ಲಿ ಕಾಣುವ ತೆಂಗಿನಕಾಯಿ. ಇಷ್ಟೆಲ್ಲ ಸೇರಿ ಹೆಣ್ಣಿರುವ ಮನೆ ಕೇಳಿಕೊಂಡು ಬಂದರೆ ಜನ ಏನು ತಿಳಿದಾರು? ಎಂ.ಎಸ್ಸಿ. ಕಲಿತ ಬಾಯಿಯವರಿಗೆ ಅದು ಹೊಳೆಯಲಿಲ್ಲ. ನಳದ ಹತ್ತಿರ ಕೊಡ ಹಿಡಿದು ನಿಂತಿದ್ದ ಶರಣಬಸಮ್ಮನಿಗೆ ನೋಡಿದ ಕೂಡಲೇ ಹೊಳೆಯಿತು. ಅವಳು ಸೈದಪ್ಪನ ಪಕ್ಕದ ಖೋಲಿಯವಳು. ಕೊಡವನ್ನು ಅಲ್ಲೇ ಬಿಟ್ಟು ಅಡ್ಡ ಗಲ್ಲಿಯಿಂದ ಓಡಿ, ಬಂದವರು ಗಟಾರ ದಾಟುವುದರೊಳಗೆ ಸುದ್ದಿ ಮುಟ್ಟಿಸಿದಳು.

ಹಾಗಾಗಿ ಇವರು ಬಾಗಿಲಿಗೆ ಬಂದಾಗ ಚಾಪೆ ಹಾಸಿ ಆಗಿತ್ತು. ಸೈದಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಕೈ ಮುಗಿದ. ದ್ರೌಪದಿಯ ತಾಯಿ ಮರೆಮ್ಮ ಕಾಲಿಗೆ ನೀರು ಕೊಟ್ಟಳು. ಅವಲಕ್ಕಿ ಬಂತು, ಚಹಾ ಬಂತು. ಬಾಗಿಲಲ್ಲಿ ಅರ್ಧ ಚಾಳು ನಿಂತಿತ್ತು. ಎಷ್ಟು ಮರ್ಯಾದೆಯ ಜನ, ಮಾಸ್ತರರೆಂದರೆ ಎಷ್ಟು ಗೌರವ ಎಂದು ಸುಶೀಲಾಬಾಯಿಯ ಮನಸ್ಸು ತುಂಬಿ ಬಂತು.

"ದ್ರೌಪದಿ ಎಲ್ಲದಾಳ? ಸ್ವಲ್ಪ ಕರೀರಿ," ಅಂದರು.

ಹುಡುಗಿ ಬಂದಳು. ತಾಯಿಯ ಹಸಿರು ಸೀರೆ ಉಟ್ಟಿದ್ದಳು. ಮುಖ ತಗ್ಗಿಸಿ ಚಾಪೆಯ ತುದಿಯಲ್ಲಿ ಕೂತಳು. ಬಾಯಿಯವರು ತಮ್ಮ ಎಂದಿನ ಪದ್ಧತಿಯಂತೆ ಸುತ್ತುಬಳಸಿ ಶುರು ಮಾಡಿದರು. ಓದಲು ಮನೆಯಲ್ಲಿ ಹೊತ್ತು ಸಿಗುತ್ತದೋ ಇಲ್ಲವೋ ತಿಳಿಯಬೇಕಲ್ಲ.

"ಮುಂಜಾನೆ ಎಷ್ಟಕ್ಕ ಏಳತಿ? ಮನ್ಯಾಗ ಏನೇನ ಕೆಲಸ ಮಾಡತಿ? ಅಡಗಿ ನೀನ ಮಾಡತಿ ಏನು?"

ಬಾಗಿಲಲ್ಲಿ ಗುಜುಗುಜು ಎದ್ದಿತು. ಮರೆಮ್ಮ ಮಗಳ ಪರವಾಗಿ ಗಡಿಬಿಡಿಯಿಂದ ಹೇಳಿದಳು, "ಎಲ್ಲಾ ಬರತದ್ರೀ ಅಕ್ಕೋರ. ರೊಟ್ಟಿ ಬಡೀತಾಳ, ಸಾರು ಮಾಡತಾಳ. ನಾನು ಎದ್ದು ನೋಡೂದ ಇಲ್ಲ."

ಈ ನಡುವೆ ಸೈದಪ್ಪ ಸಿದ್ರಾಮನ ಕಡೆ ತಿರುಗಿ ಯಾವೂರು, ಯಾರ ಪೈಕಿ ಎಂದು ಕೇಳಿದ್ದ. ಸಿದ್ರಾಮ ಪಾಪ, ಅಫಜಲಪುರದ ಹತ್ತಿರ ಅಂದು ಮನೆತನದ ಹೆಸರು ಹೇಳಿದ. "ಹಂಗಾದ್ರ ನಮ್ಮ ಪೈಕಿನೇ ಆತು!" ಎಂದು ಸೈದಪ್ಪನ ಮುಖ ಅರಳಿತು. ಅಪ್ಪಾಸಾಹೇಬರಿಗೆ ತಾವು ಇಷ್ಟು ಹೊತ್ತು ಸುಮ್ಮನೆ ಕೂತದ್ದು ಸರಿಯಲ್ಲವೆನಿಸಿ, ಏನಾದರೂ ಒಂದು ಒಳ್ಳೆಯ ಮಾತು ಆಡಬೇಕೆಂದು, "ಸಿದ್ರಾಮ ಭಾಳ ಛಲೋ ಹುಡುಗ ಅದಾನ್ರಿ. ಚಟ ಗಿಟ ಏನಿಲ್ಲ. ಹೋದ ತಿಂಗಳ ಪರ್ಮನೆಂಟ್ ಆದ," ಅಂದರು. ವರ್ಷಕ್ಕೊಮ್ಮೆ ಬಾಯಿ ಬಿಡುವ ಮನುಷ್ಯ, ಬಿಟ್ಟದ್ದು ಈ ಮುಹೂರ್ತ ನೋಡಿ!

ಪರ್ಮನೆಂಟ್ ಅನ್ನುವ ಶಬ್ದ ಚಾಳಿನ ತುದಿಯ ತನಕ ಹೋಯಿತು. ಸೈದಪ್ಪ ಎದ್ದು ನಿಂತ. ದಿನವೆಲ್ಲ ಮೂಟೆ ಹೊರುವ ಆಳಿನ ಕಣ್ಣಲ್ಲಿ ನೀರು.

"ಅಕ್ಕೋರ, ನಿಮ್ಮ ಋಣ ಹ್ಯಾಂಗ ತೀರಸಬೇಕ್ರಿ ನಾವು? ಓದು ಸಾಕು ಅಂತ ನೀವೇ ಹೇಳಿದ್ರಿ. ಈಗ ಗಂಡೂ ನೀವೇ ತಂದೀರಿ. ನಮ್ಮಂಥ ಬಡವರ ಮಗಳ ಬಗ್ಗೆ ಯಾರು ಇಷ್ಟು ವಿಚಾರ ಮಾಡತಾರ? ಇನ್ನ ನಮ್ಮದೇನೂ ಮಾತಿಲ್ಲ. ನೀವು ಹೂಂ ಅಂದ್ರ ಆತು."

ಮರೆಮ್ಮ ಒಳಗಿನಿಂದ ಸಕ್ಕರೆಯ ಬಟ್ಟಲು ತಂದಳು. ಮಾತು ಗಟ್ಟಿಯಾದ ಮನೆಯಲ್ಲಿ ಸಕ್ಕರೆ ಹಂಚುವುದು ಪದ್ಧತಿ. ಶರಣಬಸಮ್ಮ ಅವಳ ಕೈಯಿಂದ ಬಟ್ಟಲು ಕಸಿದುಕೊಂಡು ಹೊರಗಿನವರಿಗೆ ಹಂಚತೊಡಗಿಯೇಬಿಟ್ಟಳು.

ಸೀರೆ, ಚಾಪೆ, ಅವಲಕ್ಕಿ, ಅಡುಗೆಯ ಪ್ರಶ್ನೆ, ತಮ್ಮ ಚೀಲದ ತೆಂಗಿನಕಾಯಿ ಎಲ್ಲವೂ ಒಮ್ಮೆಲೇ ಸುಶೀಲಾಬಾಯಿಯ ಕಣ್ಣೆದುರು ಬಂದು ನಿಂತವು. ಅದಕ್ಕಿಂತ ಹೆಚ್ಚಾಗಿ ಕಿವಿಯಲ್ಲಿ ಉಳಿದದ್ದು ಸೈದಪ್ಪನ ಮೊದಲ ಮಾತು. ಓದು ಸಾಕು ಅಂತ ನಾನು ಹೇಳಿದೆನೇ? ಯಾವಾಗ?

ಹಾಗೆ ಕೇಳಿಯೇಬಿಡುತ್ತಿದ್ದರು. ಕೇಳಿ, ಉತ್ತರಕ್ಕೆ ಕಾಯದೆ, ಹೆಣ್ಣುಮಕ್ಕಳ ಓದಿನ ಮೇಲೆ ಒಂದು ದೊಡ್ಡ ಭಾಷಣವನ್ನೂ ಬಿಗಿಯುತ್ತಿದ್ದರು. ಆದರೆ ಅಂದು ಅವರ ಹಿಂದಿನ ಹಲ್ಲು ನೋಯುತ್ತಿತ್ತು. ಬೆಳಗಿನಿಂದ ಸಂಚಿಯಲ್ಲಿ ಲವಂಗ ಇಟ್ಟುಕೊಂಡು ಓಡಾಡುತ್ತಿದ್ದರು. ಬಿಸಿ ಚಹಾ ತಾಗಿ ನೋವು ಹೆಚ್ಚಾಗಿ, ಆಗಷ್ಟೇ ಒಂದು ಲವಂಗ ದವಡೆಗೆ ಒತ್ತಿಕೊಂಡಿದ್ದರು. ಗಾಬರಿಯಲ್ಲಿ ಅದನ್ನು ಕಚ್ಚಿದ್ದರಿಂದ ಬಾಯಿಯೆಲ್ಲ ಉರಿದು, ನಾಲಿಗೆ ಮರಗಟ್ಟಿ, ಕಣ್ಣಲ್ಲಿ ನೀರು ಬಂತು. ಮಾತು ಹೊರಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಸುಶೀಲಾಬಾಯಿ ಒಬ್ಬ ವಿದ್ಯಾರ್ಥಿನಿಯ ಎದುರು ಸುಮ್ಮನೆ ಕೂತರು, ಸುಮ್ಮನೆ ಅವಳ ಮುಖ ನೋಡಿದರು.

ದ್ರೌಪದಿ ತಲೆಯೆತ್ತಿದಳು. ಮ್ಯಾಡಮ್ ಮಾತಾಡುತ್ತಿಲ್ಲ, ಕಣ್ಣಲ್ಲಿ ನೀರು ಬೇರೆ. ತಾನೇ ಏನಾದರೂ ಹೇಳಬೇಕು ಅನ್ನಿಸಿರಬೇಕು. ಬಾಯಿ ತೆರೆದರೆ ಮರಾಠಿಯೇ ಬರುತ್ತಿದ್ದ ಹುಡುಗಿ ಕನ್ನಡದಲ್ಲಿ ಮಾತಾಡಿದಳು.

"ನೀವೇ ಹೇಳಿದ್ರಲ್ರೀ ಮ್ಯಾಡಮ್. ಪ್ರಾಕ್ಟಿಕಲ್‌ನಾಗ. ಇದು ನಿನ್ನ ಕೈಲೆ ಆಗೂದಲ್ಲವಾ, ಸುಮ್ಮನ ಯಾಕ ಜೀವಾ ತೇಯತಿ, ಸೈನ್ಸ್ ಬಿಡು ಅಂದ್ರಿ."

ಸುಶೀಲಾಬಾಯಿಗೆ ನೆನಪಾಯಿತು. ಹೇಳಿದ್ದು ಹೌದು. ಕೈ ತೊಳೆದುಕೊಳ್ಳುವುದರೊಳಗೆ ಮರೆತದ್ದೂ ಹೌದು.

"ಕಾಲೇಜಿನಾಗ ಎಲ್ಲಾರೂ ಇಂಗ್ಲಿಷಿನಾಗ ಬೈತಾರ. ನೀವೂ ಬೈತಿದ್ರಿ," ಹುಡುಗಿ ತಡೆದು ತಡೆದು ಹೇಳಿದಳು. "ಅದು ಕಾಲೇಜಿನ ಮಾತು ಅಂತ ಬಿಡತಿದ್ದೆ. ಅವತ್ತ ಒಂದ ದಿನ ಕನ್ನಡದಾಗ ಹೇಳಿದ್ರಿ. ಹೆಗಲ ಮ್ಯಾಲ ಕೈ ಇಟ್ಟು, ನಮ್ಮವ್ವ ಹೇಳಿದಂಗ ಹೇಳಿದ್ರಿ. ನಮ್ಮವರೇ ಹೇಳ್ಯಾರಂದ್ರ ಖರೇನೇ ಇರಬೇಕು ಅಂತ ತಿಳಕೊಂಡೆ. ಮನಿಗೆ ಬಂದು ಅಪ್ಪಗೂ ಹಂಗ ಹೇಳಿದೆ."

ಲವಂಗದ ಉರಿ ಏನು ಮಹಾ, ಈ ಮಾತಿನ ಮುಂದೆ! ಇಡೀ ವರ್ಷದಲ್ಲಿ ಆ ಹುಡುಗಿಗೆ ಕನ್ನಡದಲ್ಲಿ ಆಡಿದ್ದು ಒಂದೇ ಮಾತು, ಅದೂ ಇಂಥದ್ದು. ಕರುಣೆಯಿಂದ ಆಡಿದ್ದಕ್ಕೇ ಅದು ಅಷ್ಟು ಆಳಕ್ಕೆ ಹೋಗಿ ಕೂತಿತ್ತು. ಮನೆಯವರು ಮದುವೆ ಮಾಡುತ್ತಾರೆಂದು ಬೈಯಲು ಬಂದರೆ, ಕಾಲೇಜು ಬಿಡಿಸಿದವರೂ ತಾವೇ, ಈಗ ಮದುವೆ ಮಾಡಿಸಲು ಹೊರಟವರೂ ತಾವೇ. ಸುಶೀಲಾಬಾಯಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಸಿದ್ರಾಮನಿಗೂ ತಾನು ಕೂತದ್ದು ಗಂಡಿನ ಜಾಗದಲ್ಲಿ ಎಂಬುದು ತಿಳಿದು, ಚಾಪೆಯಿಂದ ಜಿಗಿದೆದ್ದ. "ಸಾಹೇಬ್ರ! ನನಗ ಊರಾಗ ಅಕ್ಕನ ಮಗಳದಾಳ್ರೀ! ಆಕಿ ಮೂರ ವರ್ಷದಾಕಿ ಇದ್ದಾಗನೇ ಗೊತ್ತು ಮಾಡ್ಯಾರ! ಅಕ್ಕ ನನ್ನ ಕಡದ ಹಾಕ್ತಾಳ್ರೀ!"

ಬಾಗಿಲಲ್ಲಿ ನಗೆ ಎದ್ದಿತು. ಸೈದಪ್ಪ ನಗಲಿಲ್ಲ. ಅವನ ಮುಖ ಕಪ್ಪಿಟ್ಟಿತು. ನಾಲ್ಕು ಜನರ ಎದುರು ಸಕ್ಕರೆ ಹಂಚಿ ಆಗಿದೆ. ಹೆಣ್ಣನ್ನು ನೋಡಿ ಬಿಟ್ಟು ಹೋದರೆಂದು ನಾಳೆ ಗಲ್ಲಿ ಆಡಿಕೊಳ್ಳುತ್ತದೆ.

"ಮತ್ತ ಯಾಕ ಬಂದ್ರಿ ಅಕ್ಕೋರ?" ಎಂದ ಕಷ್ಟದಿಂದ.

ಸುಶೀಲಾಬಾಯಿ ಲವಂಗವನ್ನು ದವಡೆಯ ಇನ್ನೊಂದು ಪಕ್ಕಕ್ಕೆ ದೂಡಿದರು. "ತಪ್ಪು ನಂದು ಸೈದಪ್ಪ. ಹುಡುಗಿ ಓದು ಬಿಟ್ಟದ್ದು ನನ್ನ ಬಾಯಿಂದ. ಕರಕೊಂಡು ಹೋಗ್ಲಿಕ್ಕ ಬಂದೀನಿ."

"ಒಮ್ಮೆ ಬ್ಯಾಡ ಅಂತೀರಿ, ಒಮ್ಮೆ ಬೇಕು ಅಂತೀರಿ. ಕಲಿತವರು ನೀವು. ನಾವು ಯಾವ ಮಾತು ಹಿಡೀಬೇಕ್ರಿ?"

ನ್ಯಾಯದ ಪ್ರಶ್ನೆ. ಸುಶೀಲಾಬಾಯಿಯ ಹತ್ತಿರ ಅದಕ್ಕೆ ಹತ್ತು ಉತ್ತರಗಳಿದ್ದವು. ಹತ್ತನ್ನೂ ನುಂಗಿಕೊಂಡರು. "ನನ್ನ ಮಾತು ಹಿಡೀಲೇಬ್ಯಾಡ್ರಿ," ಅಂದರು. "ಇಕಿ ಮಾತು ಹಿಡೀರಿ. ಇಕಿಗೆ ಏನು ಬೇಕು ಅಂತ ನಾನೂ ಕೇಳಿಲ್ಲ, ನೀವೂ ಕೇಳಿಲ್ಲ."

ಎಲ್ಲರೂ ದ್ರೌಪದಿಯ ಕಡೆ ತಿರುಗಿದರು. ಒಂದು ಲೋಕಲ್ ಗಾಡಿ ಹಾದುಹೋಯಿತು. ತಗಡಿನ ಛಾವಣಿ ನಡುಗಿ ನಿಂತಿತು. ಸುಶೀಲಾಬಾಯಿಗೆ ಸಹಾಯ ಮಾಡುವ ಆಸೆ ಗಂಟಲ ತನಕ ಬಂದಿತ್ತು. ತುಟಿ ಬಿಗಿಹಿಡಿದು ಕೂತರು.

"ನನಗ ಎಲ್ಲಾ ಬರತದ," ಅಂದಳು ದ್ರೌಪದಿ. "ತಲ್ಯಾಗ ಬರತದ. ಇಂಗ್ಲಿಷಿನಾಗ ಹೊರಗ ಬರೂದಿಲ್ಲ. ನನಗ ಓದಬೇಕು."

ಮರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸೈದಪ್ಪ ಮಗಳನ್ನೇ ನೋಡುತ್ತಿದ್ದ. ಅವಳು ಇಷ್ಟು ಉದ್ದ ಕನ್ನಡ ಮಾತಾಡಿದ್ದನ್ನು ಅವನೂ ಕೇಳಿರಲಿಲ್ಲ.

ಇನ್ನು ಉಳಿದದ್ದು ತೆಂಗಿನಕಾಯಿ. ತಂದ ಕಾಯಿಯನ್ನು ವಾಪಸು ಒಯ್ಯುವಂತಿಲ್ಲ, ಹೆಣ್ಣಿನ ಮನೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಸುಶೀಲಾಬಾಯಿ ಎದ್ದು, ಮರೆಮ್ಮನಿಂದ ಒಂದು ಬೊಗಸೆ ಅಕ್ಕಿ ಕೇಳಿ ತೆಗೆದುಕೊಂಡು, ದ್ರೌಪದಿಗೆ ಕುಂಕುಮ ಹಚ್ಚಿ, ಹೂ ಮುಡಿಸಿ, ಅವಳ ಸೆರಗಿಗೆ ಖಣ, ಕಾಯಿ, ಎಲೆ ಅಡಿಕೆ ಇಟ್ಟು ಉಡಿ ತುಂಬಿದರು. ಬಾಗಿಲಿನವರಿಗೆಲ್ಲ ಕೇಳುವ ಹಾಗೆ ಹೇಳಿದರು, "ಇದು ಗಂಡಿನ ಕಡೆಯವರ ಉಡಿ ಅಲ್ಲ. ಇವತ್ತಿನಿಂದ ಇಕಿ ನಮ್ಮ ಮನಿ ಮಗಳು. ಪರೀಕ್ಷಾಕ್ಕ ಕೂಡೋ ಮಗಳಿಗೆ ಉಡಿ ತುಂಬೇನಿ."

"ಹಂಗಾದ್ರ ಸಕ್ಕರಿ?" ಎಂದಳು ಶರಣಬಸಮ್ಮ, ಖಾಲಿ ಬಟ್ಟಲು ಹಿಡಿದುಕೊಂಡು.

"ಪಾಸಾಗೂ ಸಕ್ಕರಿ ಮೊದಲ ಹಂಚೀವಿ ಅನ್ನು," ಅಂದಳು ಮರೆಮ್ಮ. "ತಿಂದವರೆಲ್ಲಾ ಆಕಿಗೆ ಆಶೀರ್ವಾದ ಮಾಡಬೇಕು ಮತ್ತ!"

ಸೋಮವಾರ ದ್ರೌಪದಿ ಕಾಲೇಜಿಗೆ ಬಂದಳು. ಹಾಜರಿಯ ವಿಷಯದಲ್ಲಿ ಬಾಯಿಯವರು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಹುಡುಗಿ ಮನೆಯಲ್ಲಿ ಕೂತದ್ದು ತಮ್ಮ ಮಾತಿನಿಂದ ಎಂದು ಒಪ್ಪಿಕೊಂಡು ಅನುಮತಿ ತಂದರು. ಭಾನುವಾರಗಳಂದು ಅವಳು ಡೊಂಬಿವಲಿಗೆ ಬರತೊಡಗಿದಳು. ಸುಶೀಲಾಬಾಯಿ ಹಿಟ್ಟು ನಾದುತ್ತ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಹುಡುಗಿ ಈರುಳ್ಳಿ ಹೆಚ್ಚುತ್ತ ಪಟಪಟ ಉತ್ತರ ಹೇಳುತ್ತಿದ್ದಳು, ಒಂದೂ ತಪ್ಪದೆ. ಆಮೇಲೆ ಅದೇ ಉತ್ತರವನ್ನು ಇಬ್ಬರೂ ಕೂಡಿ ಇಂಗ್ಲಿಷಿಗೆ ದಾಟಿಸುತ್ತಿದ್ದರು. ಇಷ್ಟು ಬರುವ ಹುಡುಗಿಗೆ ನಿನ್ನ ಕೈಲಿ ಆಗದು ಅಂದಿದ್ದೆನಲ್ಲ ಎಂದು ಬಾಯಿಯವರು ಎಷ್ಟೋ ಸಲ ಒಳಗೊಳಗೇ ಹಣೆ ಬಡಿದುಕೊಂಡರು. ಏಪ್ರಿಲ್‌ನಲ್ಲಿ ದ್ರೌಪದಿ ಪರೀಕ್ಷೆಗೆ ಕೂತಳು, ಪಾಸಾದಳು. ರ್‍ಯಾಂಕ್ ಗೀಂಕ್ ಏನೂ ಇಲ್ಲ, ಸೆಕೆಂಡ್ ಕ್ಲಾಸು. ಮುಂಚೆಯೇ ಹಂಚಿದ ಸಕ್ಕರೆ ಸಾರ್ಥಕವಾಯಿತು.

ಹಲ್ಲುನೋವು ಡಾಕ್ಟರರ ಹತ್ತಿರ ಹೋಗಿ ಹಲ್ಲು ಕೀಳಿಸಿಕೊಂಡ ಮೇಲೆ ಹೋಯಿತು. ಲವಂಗ ಮಾತ್ರ ಸಂಚಿಯಲ್ಲಿ ಉಳಿಯಿತು. ಪ್ರಯೋಗಶಾಲೆಯ ಹೊರಗಿನ ಬೆಂಚಿನ ಮೇಲೆ ಯಾವ ಹುಡುಗನಾಗಲಿ ಹುಡುಗಿಯಾಗಲಿ ಬಂದು ಕೂತರೆ, ಸುಶೀಲಾಬಾಯಿ "ಹೇಳು" ಎಂದು ಒಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದು ಮೆತ್ತಗಾಗುವ ತನಕ ತಾವು ಮಾತಾಡುವುದಿಲ್ಲ ಎಂದು ತಮಗೇ ಹಾಕಿಕೊಂಡ ಕಟ್ಟಳೆ. ಅಯ್ಯೋ, ಎಷ್ಟು ಕಷ್ಟಪಟ್ಟರು ಆ ಕಟ್ಟಳೆ ಪಾಲಿಸಲು! ಕೆಲವು ಸಲ ತಡೆಯಲಾರದೆ ಕಟಕಟ ಅಗಿದು ಬೇಗ ಮೆತ್ತಗೆ ಮಾಡಿಕೊಂಡದ್ದೂ ಉಂಟು. ದೇವರು ಕ್ಷಮಿಸಲಿ.

ಪುಂಡರೀಕಾಕ್ಷ ಎಂಬ ಹುಡುಗನಿದ್ದ, ಉಡುಪಿ ಕಡೆಯವನು. ಠಾಣೆ ಸ್ಟೇಷನ್ ಹತ್ತಿರ ಅವನಪ್ಪನ ಹೋಟೆಲು. ಫಿಸಿಕ್ಸ್‌ನಲ್ಲಿ ಫೇಲಾಗಿ ಎರಡನೆಯ ಸಲ ಪರೀಕ್ಷೆಗೆ ಕೂರುವವನಿದ್ದ. ಬಂದವನೇ, "ಎಂತ ಮಾಡುದು ಮೇಡಂ, ನಂಗೆ ಮಂಡೆಯೇ ಓಡುದಿಲ್ಲ," ಅಂದ. ಬಾಯಿಯವರು ಲವಂಗ ಹಾಕಿದರು. ಅವನು ಹೇಳುತ್ತ ಹೋದ. ರಾತ್ರಿ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ತೆಗೆದುಕೊಳ್ಳುತ್ತ ಕೂರಬೇಕು, ಅಪ್ಪನಿಗೆ ಇಲ್ಲವೆನ್ನಲು ಹೆದರಿಕೆ, ಅಪ್ಪ ಕೂರು ಅಂದದ್ದೂ ಇಲ್ಲ, ತಾನೇ ಕೂರುತ್ತಿರುವುದು, ಹಾಗಾದರೆ ಅಪ್ಪನನ್ನು ಒಮ್ಮೆ ಕೇಳಿಯೇ ನೋಡಬಹುದಲ್ಲ, ಪರೀಕ್ಷೆಯ ತನಕ ಚಿಕ್ಕಪ್ಪನನ್ನು ಕೂರಿಸಬಹುದಲ್ಲ! ಎದ್ದು ನಿಂತು, "ಭಾರಿ ಒಳ್ಳೆ ಸಲಹೆ ಕೊಟ್ಟಿರಿ ಮೇಡಂ, ಉಪಕಾರ ಆಯ್ತು," ಎಂದು ಹೊರಟೇಹೋದ. ಸುಶೀಲಾಬಾಯಿಯ ಬಾಯಲ್ಲಿ ಲವಂಗ ಇನ್ನೂ ಗಟ್ಟಿಯಾಗಿಯೇ ಇತ್ತು.

ಎಲ್ಲರಿಗೂ ಮೌನವೇ ಮದ್ದಲ್ಲ. ಕೆಲವರಿಗೆ ನಿಜವಾಗಿ ದಾರಿ ಬೇಕಿತ್ತು. ಆಗ ಬಾಯಿಯವರು ಲವಂಗ ಮುಗಿದ ಮೇಲೆ ಓಡಾಡುತ್ತಿದ್ದರು, ಲೈಬ್ರರಿಯಲ್ಲಿ ಜಾಗ ಕೊಡಿಸುತ್ತಿದ್ದರು, ಬೇರೆ ಮಾಸ್ತರರ ಹತ್ತಿರ ಕೈಹಿಡಿದು ಒಯ್ಯುತ್ತಿದ್ದರು. ಆದರೆ ಯಾರಿಗೂ ನಿನ್ನ ಕೈಲಿ ಆಗದು ಎಂಬ ಮಾತನ್ನು ಮತ್ತೆ ಹೇಳಲಿಲ್ಲ, ಯಾವ ಭಾಷೆಯಲ್ಲೂ. ಕಾಲೇಜಿನ ಮಕ್ಕಳು ಬರಬರುತ್ತ "ಲವಂಗ ಮ್ಯಾಡಮ್" ಎಂದೇ ಕರೆಯತೊಡಗಿದರು. ಅದು ಅವರ ಕಿವಿಗೂ ಬಿತ್ತು. ಬೇಜಾರಾಗಲಿಲ್ಲ.

ದ್ರೌ‌ಪದಿ ಬಿ.ಎಸ್ಸಿ. ಮುಗಿಸಿ, ಠಾಣೆ ಬೇಲಾಪುರ ರಸ್ತೆಯ ಒಂದು ಔಷಧದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಅದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಅದೇ ವರ್ಷದ ಶ್ರಾವಣ, ಪಂಚಮಿಗೆ ಮುಂಚಿನ ಭಾನುವಾರ. ಮಳೆ ಹಿಡಿದಿತ್ತು. ಸುಶೀಲಾಬಾಯಿ ಎಂದಿನಂತೆ "ಕಾಲೇಜಿಗೆ ರಜಾ ಎಲ್ಲದ..." ಎಂದು ಶುರು ಮಾಡಿದ್ದರು, ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಹೊರಗೆ ಸೈದಪ್ಪ, ಮರೆಮ್ಮ, ದ್ರೌಪದಿ. ಸೈದಪ್ಪ ಇಸ್ತ್ರಿ ಅಂಗಿ ಹಾಕಿದ್ದ. ಮರೆಮ್ಮನ ಚೀಲದ ಬಾಯಲ್ಲಿ ತೆಂಗಿನಕಾಯಿ ಕಾಣುತ್ತಿತ್ತು. ಎದುರು ಮನೆಯವರು ಬಾಗಿಲು ತೆರೆದು ಇಣುಕಿದರು. ಅಪ್ಪಾಸಾಹೇಬರು ಪೇಪರು ಕೆಳಗಿಟ್ಟು, "ಏನಪಾ ಸೈದಪ್ಪ, ಯಾರನ್ನ ನೋಡ್ಲಿಕ್ಕ ಬಂದಿ? ನಮ್ಮ ಮನ್ಯಾಗ ಇರೋ ಹೆಣ್ಣು ಒಂದೇ," ಅಂದರು.

ಎಲ್ಲರೂ ನಕ್ಕರು. ಸೈದಪ್ಪ ಒಳಗೆ ಬಂದು ಕೂರದೆ ನಿಂತೇ ಇದ್ದ. "ಅದೇ ಹೆಣ್ಣಿನ ಸಲುವಾಗಿನೇ ಬಂದೀನ್ರಿ ಸಾಹೇಬ್ರ," ಅಂದ. ಆಮೇಲೆ ಸುಶೀಲಾಬಾಯಿಯ ಕಡೆ ತಿರುಗಿ, "ಅಕ್ಕೋರ, ನೀವು ಅವತ್ತ ನಾಲ್ಕ ಮಂದಿ ಮುಂದ ನನ್ನ ಮಗಳನ್ನ ನಿಮ್ಮ ಮನಿ ಮಗಳು ಅಂದ್ರಿ. ನನ್ನ ಮಗಳು ನಿಮಗೂ ಮಗಳಾದ್ರ ನೀವು ನನಗ ತಂಗಿ ಆಗಬೇಕಲ್ರಿ. ಇಷ್ಟು ದಿನ ಕರೀಲಿಕ್ಕ ಧೈರ್ಯ ಆಗಿರಲಿಲ್ಲ. ಮೊನ್ನೆ ದ್ರೌಪದಿ ಹೇಳಿದಳು, ಅಕ್ಕೋರನ್ನ ಪಂಚಮಿಗೆ ಕರೀಲಿಕ್ಕ ಯಾರೂ ಬರೂದಿಲ್ಲ ಅಂತ. ನಾ ಬಂದೀನ್ರಿ. ಕಳವಾಕ್ಕ ನಡೀರಿ."

ದ್ರೌಪದಿಗೆ ಅದನ್ನು ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಇಷ್ಟು ಭಾನುವಾರ ಈರುಳ್ಳಿ ಹೆಚ್ಚುತ್ತ ಕೂತವಳು ಬಾಯಿಯವರು ರಜೆಯ ನೆಪ ಹೇಳುವುದನ್ನು ಸುಮ್ಮನೆ ಕೇಳಿಸಿಕೊಂಡಿದ್ದಳು. ಸುಮ್ಮನೆ ಕೇಳಿಸಿಕೊಳ್ಳುವುದನ್ನು ಕಲಿತದ್ದೂ ಅದೇ ಮನೆಯಲ್ಲಿ.

ಸುಶೀಲಾಬಾಯಿಯ ಬಾಯಲ್ಲಿ ಆಗ ಲವಂಗ ಇರಲಿಲ್ಲ. ಆದರೂ ಮಾತು ಬರಲಿಲ್ಲ. ಬೇಡ ಅನ್ನಲಿಲ್ಲ, ಯಾಕೆ ತೊಂದರೆ ಅನ್ನಲಿಲ್ಲ, ಅಷ್ಟು ದೊಡ್ಡ ಮಾತಿಗೆ ಥ್ಯಾಂಕ್ಸ್ ಎಂದೂ ಹೇಳಲಿಲ್ಲ. ಅಳುತ್ತಲೇ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟುಕೊಂಡು ಬಂದರು. ಚಪ್ಪಲಿ ಮೆಟ್ಟುವಾಗ ಅಪ್ಪಾಸಾಹೇಬರು ಕೇಳಿದರು, "ಯಾವಾಗ ಬರತಿ?"

"ಹಬ್ಬಾ ಮುಗೀಲಿ," ಅಂದರು ಸುಶೀಲಾಬಾಯಿ, ಮೂಗು ಒರೆಸಿಕೊಂಡು. "ತವರಿಗೆ ಹೋದವರನ್ನ ಹಂಗೆಲ್ಲಾ ಕೇಳಬಾರದ್ರಿ."